ವಿದ್ಯುದ್ವಾಹನಗಳೂ ರಸ್ತೆಯ ವೆಚ್ಚವೂ

ಹಸಿರು ಫಲಕದ ವಾಹನಗಳು ನಮ್ಮ ನಗರದಲ್ಲಿ ಈಗ ಕುತೂಹಲದ ವಸ್ತುಗಳಾಗಿ ಉಳಿದಿಲ್ಲ. ಮಣ್ಣಗುಡ್ಡದ ಒಳಬೀದಿಗಳಲ್ಲಿಯೂ ಬಳ್ಳಾಲ್‌ಬಾಗಿನ ಹೆದ್ದಾರಿಯಲ್ಲಿಯೂ ಉರ್ವ ಮಾರುಕಟ್ಟೆಯ ಇದಿರಿನಲ್ಲಿಯೂ ಸದ್ದಿಲ್ಲದೆ ಸರಿದುಹೋಗುವ ವಿದ್ಯುತ್ ಸ್ಕೂಟರುಗಳನ್ನೂ ರಿಕ್ಷಾಗಳನ್ನೂ ಕಾರುಗಳನ್ನೂ ಕಂಡು ಬೆರಗಾಗಿ ನಿಲ್ಲುವ ಕಾಲವು ಕಳೆದುಹೋಯಿತು. ಇವುಗಳಿಂದ ಬೀದಿಯಲ್ಲಿ ಹೊಗೆಯಿಲ್ಲ, ಆರ್ಭಟವಿಲ್ಲ, ಪರದೇಶದ ಎಣ್ಣೆಗೆ ನಮ್ಮ ಹಣವು ಹರಿದುಹೋಗುವುದೂ ಅಷ್ಟರಮಟ್ಟಿಗೆ ಕಡಮೆ. ನಾವು ಇವನ್ನು ಆದಿಯಿಂದಲೂ ಸ್ವಾಗತಿಸಿದವರು, ಈಗಲೂ ಸ್ವಾಗತಿಸುತ್ತೇವೆ. ಆದರೆ ಅತಿಥಿಯಾಗಿ ಬಂದವನು ಮನೆಯವನೇ ಆಗಿ ನೆಲಸಿದ ಮೇಲೆ ಮನೆವಾರ್ತೆಯ ಖರ್ಚಿನಲ್ಲಿ ಅವನ ಪಾಲೆಷ್ಟು ಎಂಬ ಮಾತು ಒಂದು ದಿನ ಬಂದೇ ಬರುವುದು. ಅಂಥ ದಿನವು ಈಗ ಬಂದಿರುವುದೆಂದು ನಮ್ಮ ಅಭಿಪ್ರಾಯ. ಈ ಮಾತನ್ನು ಸರಕಾರದವರು ತಮ್ಮ ಬೊಕ್ಕಸದ ಅವಸರಕ್ಕೆ ತಕ್ಕಂತೆ ತೀರ್ಮಾನಿಸಿ ಜನರ ಮೇಲೆ ಹೇರುವುದಕ್ಕೆ ಮುಂಚೆಯೇ ಮಹಾಜನರು ತಾವಾಗಿ ವಿಚಾರಮಾಡಿ ನ್ಯಾಯವಾದ ದಾರಿಯೊಂದನ್ನು ಸೂಚಿಸುವುದು ಲೇಸು.

ದಾರಿಯನ್ನು ಬಳಸುವವನಿಂದ ದಾರಿಯ ವೆಚ್ಚಕ್ಕೆ ಹಣ ಪಡೆಯುವ ಪದ್ಧತಿಯು ನಮ್ಮ ದೇಶಕ್ಕೆ ಆಂಗ್ಲರಿಂದ ಬಂದುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ವರ್ತನಿ' ಎಂಬ ಹೆಸರಿನ ದಾರಿಸುಂಕದ ವಿಧಾನವುಂಟು. ಅಂತಪಾಲನೆಂಬ ಗಡಿಯ ಅಧಿಕಾರಿಯು ಸರಕು ತುಂಬಿದ ಬಂಡಿಗೆ ಒಂದೂಕಾಲು ಪಣವನ್ನೂ, ಕುದುರೆ ಕತ್ತೆ ಮುಂತಾದ ಒಂದು ಗೊರಸಿನ ಪ್ರಾಣಿಗೆ ಒಂದು ಪಣವನ್ನೂ, ದನಗಳಿಗೆ ಅರ್ಧ ಪಣವನ್ನೂ, ಸಣ್ಣ ಪ್ರಾಣಿಗಳಿಗೆ ಕಾಲು ಪಣವನ್ನೂ, ತಲೆಹೊರೆಗೆ ಒಂದು ಮಾಷವನ್ನೂ ವಸೂಲು ಮಾಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಭಾರವಿದ್ದಷ್ಟು ಸುಂಕವೆಂಬ ನ್ಯಾಯವನ್ನು ಇಲ್ಲಿ ಕಾಣಬಹುದು. ಅದಕ್ಕಿಂತಲೂ ಮುಖ್ಯವಾದ ಮಾತು ಅದರ ಮುಂದೆಯೇ ಇದೆ: ವರ್ತನಿಯನ್ನು ತೆಗೆದುಕೊಂಡ ಅಂತಪಾಲನು ದಾರಿಯಲ್ಲಿ ಕಳೆದುಹೋದುದನ್ನೂ ಕಳುವಾದುದನ್ನೂ ತಾನೇ ತುಂಬಿಕೊಡಬೇಕು. ಹಣ ತೆಗೆದುಕೊಂಡವನಿಗೆ ಹೊಣೆಯೂ ಉಂಟೆಂಬ ಈ ಎರಡನೆಯ ಅರ್ಧವನ್ನು ನಮ್ಮ ಈಗಿನ ಅರ್ಥಸಚಿವರುಗಳು ಎಷ್ಟರಮಟ್ಟಿಗೆ ಓದಿದ್ದಾರೆಂಬುದನ್ನು ಮುಂದೆ ವಿಚಾರಿಸೋಣ.

ಮೋಟಾರುಗಳು ಬಂದ ಮೇಲೆ ಈ ಹಳೆಯ ನ್ಯಾಯವನ್ನು ಹೊಸ ರೂಪದಲ್ಲಿ ಅನ್ವಯಿಸಬೇಕಾಯಿತು. 1927ರಲ್ಲಿ ಶ್ರೀ ಮುಕುಂದರಾವ್ ಜಯಕರರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಅಭಿವೃದ್ಧಿ ಸಮಿತಿಯು ಮರುವರ್ಷ ತನ್ನ ವರದಿಯನ್ನೊಪ್ಪಿಸಿತು. ಅದರಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 2 ಆಣೆಯಂತೆ ಹೆಚ್ಚಿನ ಸುಂಕವನ್ನು ವಿಧಿಸಿ, ಆ ಹಣವನ್ನು ಬೇರೆಯಾಗಿಟ್ಟು, ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಿದರು. ಈ ಏರ್ಪಾಡಿನಲ್ಲಿ ಒಂದು ಸೊಗಸಿತ್ತು. ಪೆಟ್ರೋಲೇ ಅಳತೆಗೋಲಾಗಿತ್ತು. ಹೆಚ್ಚು ದೂರ ಓಡಿದವನು ಹೆಚ್ಚು ಸುರಿದನು, ಹೆಚ್ಚು ಭಾರದ ಗಾಡಿಯವನು ಇನ್ನೂ ಹೆಚ್ಚು ಸುರಿದನು. ಲೆಕ್ಕ ಬರೆಯುವ ಗುಮಾಸ್ತನಾಗಲಿ, ತಡೆದು ನಿಲ್ಲಿಸುವ ಜವಾನನಾಗಲಿ ಬೇಕಾಗಲಿಲ್ಲ. ಆಗ ಮದ್ರಾಸು ಅಧಿಪತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಅನ್ವಯಿಸಿದ 1931ರ ಮದ್ರಾಸು ಮೋಟಾರು ವಾಹನ ತೆರಿಗೆಯ ಕಾನೂನು ಇನ್ನೊಂದು ಒಳ್ಳೆಯ ಕೆಲಸವನ್ನು ಮಾಡಿತು. ಊರೂರಿನ ಸ್ಥಳೀಯ ಸಂಸ್ಥೆಗಳು ಎತ್ತುತ್ತಿದ್ದ ಸುಂಕದ ಕಟ್ಟೆಗಳನ್ನು ರದ್ದುಗೊಳಿಸಿ, ಅದರಿಂದ ಅವುಗಳಿಗೆ ಆದ ನಷ್ಟವನ್ನು ಮೋಟಾರು ತೆರಿಗೆಯ ಹುಟ್ಟುವಳಿಯಿಂದ ತುಂಬಿಕೊಡುವ ಕ್ರಮವನ್ನು ಏರ್ಪಡಿಸಿತು. ಪರಕೀಯರ ಆಳ್ವಿಕೆಯನ್ನು ಹೊಗಳುವ ಅಭ್ಯಾಸ ನಮ್ಮ ಪತ್ರಿಕೆಗಿಲ್ಲ. ಆದರೆ ಮುನಿಸಿಪಾಲಿಟಿಯ ಕೈಯಿಂದ ಒಂದು ಆದಾಯವನ್ನು ಕಸಿದುಕೊಂಡಾಗ ಬದಲಿಯನ್ನು ಕೊಡಬೇಕೆಂಬ ಪರಿಜ್ಞಾನವು ಆ ಕಾನೂನಿನಲ್ಲಿತ್ತೆಂಬುದನ್ನು ಮರೆಮಾಚುವುದೂ ಸರಿಯಲ್ಲ.

ಪೆಟ್ರೋಲೆಂಬ ಅಳತೆಗೋಲು ಈಗ ಮುರಿಯುತ್ತಿದೆ. ಹಾಗೆ ನೋಡಿದರೆ ಇದೇ ಮೊದಲ ಸಲವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ ಓಡಿಸಿದ ಕಥೆಯನ್ನು ನಮ್ಮ ಜಿಲ್ಲೆಯ ಹಿರಿಯರಿಂದ ಕೇಳದವರಿಲ್ಲ. ಆ ಇದ್ದಿಲು ಬಸ್ಸುಗಳು ಏರು ಹತ್ತಲಾರದೆ ನಿಂತಾಗ ಪ್ರಯಾಣಿಕರೇ ಇಳಿದು ನೂಕುತ್ತಿದ್ದರೆಂದು ಪ್ರತೀತಿ. ಬಸ್ಸು ಪೆಟ್ರೋಲು ಕುಡಿಯಲಿಲ್ಲವೆಂದು ರಸ್ತೆಯು ಸವೆಯದೆ ಉಳಿಯಲಿಲ್ಲ. ಆದರೆ ಅದು ಯುದ್ಧಕಾಲದ ಆಪದ್ಧರ್ಮ. ಪೆಟ್ರೋಲು ಮರಳಿ ಬಂದಾಗ ಒಲೆಗಳು ಗುಜರಿಗೆ ಹೋದವು. ಈಗ ಆಗುತ್ತಿರುವ ಮಾರ್ಪಾಟು ಅಂಥದಲ್ಲ. ಬಂದುದು ಹಿಂದಿರುಗುವ ಲಕ್ಷಣವಿಲ್ಲ. ಹಿಂದಿರುಗಲೆಂದು ನಾವು ಬಯಸುವುದೂ ಇಲ್ಲ.

ಒಂದು ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. 2018ರ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು ಪೆಟ್ರೋಲು ಡೀಸಲುಗಳ ಮೇಲೆ ಲೀಟರಿಗೆ 8 ರೂಪಾಯಿಯ ರಸ್ತೆ ಮತ್ತು ಮೂಲಸೌಕರ್ಯ ಉಪಕರವನ್ನು ವಿಧಿಸಿತು. ಆ ದರವು ಅನಂತರ ಹಲವು ಸಲ ಮೇಲಕ್ಕೂ ಕೆಳಕ್ಕೂ ಹೋಗಿದೆ. ನಮ್ಮ ಲೆಕ್ಕಕ್ಕೆ ಆ 8 ರೂಪಾಯಿಯೇ ಸಾಕು. ಮಣ್ಣಗುಡ್ಡದ ಒಂದೇ ಬೀದಿಯಲ್ಲಿ ಇದಿರುಬದಿರು ಮನೆಯ ಇಬ್ಬರು ಗೃಹಸ್ಥರನ್ನು ಭಾವಿಸಿಕೊಳ್ಳಿ. ಇಬ್ಬರೂ ವರ್ಷಕ್ಕೆ 12,000 ಕಿಲೋಮೀಟರು ಕಾರು ಓಡಿಸುವವರು. ಪೆಟ್ರೋಲು ಕಾರಿನವನು ಲೀಟರಿಗೆ 15 ಕಿಲೋಮೀಟರಿನಂತೆ 800 ಲೀಟರು ಸುರಿದು, ರಸ್ತೆಯ ಹೆಸರಿನಲ್ಲಿಯೇ 6,400 ರೂಪಾಯಿ ಕೊಟ್ಟನು. ಅಂದರೆ ಕಿಲೋಮೀಟರಿಗೆ ಸುಮಾರು 53 ಪೈಸೆ. ಇದಿರು ಮನೆಯವನು ಅದೇ ರಸ್ತೆಯಲ್ಲಿ ಅಷ್ಟೇ ದೂರ ಓಡಿದರೂ ಈ ಬಾಬಿನಲ್ಲಿ ಕೊಟ್ಟುದು ಸೊನ್ನೆ. ದಿನಕ್ಕೆ 20 ಕಿಲೋಮೀಟರು ಓಡುವ, ಲೀಟರಿಗೆ 45 ಕಿಲೋಮೀಟರು ಕೊಡುವ ಪೆಟ್ರೋಲು ಸ್ಕೂಟರಿನ ಗುಮಾಸ್ತನೂ ವರ್ಷಕ್ಕೆ ಹೆಚ್ಚುಕಡಮೆ 1,300 ರೂಪಾಯಿಗಳನ್ನು ಹೀಗೆಯೇ ತೆತ್ತಿರುವನು. ಇದರ ಮೇಲೆ ರಾಜ್ಯ ಸರಕಾರದ ಮಾರಾಟ ತೆರಿಗೆ ಬೇರೆ. ಪೆಟ್ರೋಲಿನ ಮೇಲಿನ ಆ ತೆರಿಗೆಯನ್ನು 2024ರ ಜೂನ್ 15ರಂದು ಶೇಕಡಾ 25.92ರಿಂದ 29.84ಕ್ಕೆ ಏರಿಸಿದುದು ಎಲ್ಲರಿಗೂ ವಿದಿತವೇ ಇದೆ. ಹೊಸ ಕಾರಿಗೆ ಇಪ್ಪತ್ತು ಲಕ್ಷ ಸುರಿಯಲು ಶಕ್ತನಾದವನು ರಸ್ತೆಗೆ ಏನನ್ನೂ ಕೊಡದೆ, ಹಳೆಯ ಸ್ಕೂಟರನ್ನು ಮಾರಲಾರದೆ ಇಟ್ಟುಕೊಂಡ ಬಡ ಗುಮಾಸ್ತನು ಅವನ ಪಾಲನ್ನೂ ಹೊರುವಂತಾದರೆ ಅದನ್ನು ನ್ಯಾಯವೆಂದು ಯಾರು ಹೇಳಬಲ್ಲರು?

ವಿದ್ಯುದ್ವಾಹನದ ಒಡೆಯರ ಪಕ್ಷದಲ್ಲಿಯೂ ಬಲವಾದ ವಾದಗಳಿವೆ. ಅವನ್ನು ಕೇಳದೆ ತೀರ್ಪು ಹೇಳುವುದು ತರವಲ್ಲ. ನಾವು ನಗರದ ಗಾಳಿಯನ್ನು ಕೆಡಿಸುವುದಿಲ್ಲವಾದ್ದರಿಂದ ನಮಗೆ ವಿನಾಯಿತಿ ಬೇಕೆಂಬುದು ಅವರ ಮೊದಲನೆಯ ವಾದ. ಭಾರತವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡಾ 85ಕ್ಕಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆ. ಆ ಎಣ್ಣೆ ಹಡಗುಗಳಲ್ಲಿ ಬಂದು ಇಳಿಯುವುದನ್ನು ಪಣಂಬೂರಿನಲ್ಲಿಯೇ ಕಾಣಬಹುದು. ವರ್ಷಕ್ಕೆ 150 ಲಕ್ಷ ಟನ್ನು ಎಣ್ಣೆಯನ್ನು ಶುದ್ಧೀಕರಿಸುವ ಶಕ್ತಿಯುಳ್ಳ ಕಾರ್ಖಾನೆಯು ನಮ್ಮ ಕುತ್ತೆತ್ತೂರಿನಲ್ಲಿದೆ. ಆಪತ್ಕಾಲಕ್ಕೆಂದು ಬಂಡೆಯೊಳಗೆ ಕೊರೆದ ಎಣ್ಣೆಯ ಕಣಜಗಳು ಮಂಗಳೂರಿನಲ್ಲಿಯೂ ಪಾದೂರಿನಲ್ಲಿಯೂ ಇವೆ. ಎಣ್ಣೆಯ ದಾಸ್ಯವೆಂದರೇನೆಂಬುದನ್ನು ನಮ್ಮ ಊರಿನವರಿಗೆ ಹೊರಗಿನವರು ಬಂದು ವಿವರಿಸಬೇಕಾಗಿಲ್ಲ. ಈ ದಾಸ್ಯವನ್ನು ತಗ್ಗಿಸುವ ವಾಹನಕ್ಕೆ ದೇಶವು ಉತ್ತೇಜನ ಕೊಡತಕ್ಕದ್ದೇ. ಅದನ್ನು ಕೊಟ್ಟೂ ಇದೆ. 2015ರಿಂದ ಕೇಂದ್ರದ ಸಹಾಯಧನದ ಯೋಜನೆಗಳು ಒಂದರ ಹಿಂದೊಂದಾಗಿ ನಡೆದಿವೆ. 2019ರ ಆಗಸ್ಟ್ 1ರಿಂದ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ದೇಶದಲ್ಲಿಯೇ ಮೊದಲಿಗೆ ವಿದ್ಯುದ್ವಾಹನದ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಕೀರ್ತಿ ನಮ್ಮ ಕರ್ನಾಟಕದ್ದು. ಗಾಳಿಯನ್ನು ಕಾಪಾಡಿದುದಕ್ಕೆ ಬಹುಮಾನವು ಬೇರೆ, ರಸ್ತೆಯನ್ನು ಬಳಸಿದುದಕ್ಕೆ ಬೆಲೆಯು ಬೇರೆ. ಸದ್ಗೃಹಸ್ಥನೆಂದು ಊರವರು ಶಾಲು ಹೊದಿಸಿದ ಮಾತ್ರಕ್ಕೆ ಹೋಟೆಲಿನ ತಿಂಡಿಯ ಲೆಕ್ಕವು ತೀರಿದಂತಾಗುವುದಿಲ್ಲ. ಅಲ್ಲದೆ, ಹೊಗೆಯು ಇಲ್ಲವಾಯಿತೆಂಬುದೂ ಪೂರ್ಣ ಸತ್ಯವಲ್ಲ. ಮಣ್ಣಗುಡ್ಡದಲ್ಲಿ ಕಾಣದ ಹೊಗೆಯ ಒಂದು ಅಂಶವು ಎಲ್ಲೂರಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಚಿಮಿಣಿಯಿಂದ ಏಳುತ್ತಿರಬಹುದು. ಅಲ್ಲಿಯ ರೈತರನ್ನೂ ಒಂದು ಮಾತು ಕೇಳಿ ನೋಡಬೇಕು.

ಅವರ ಎರಡನೆಯ ವಾದವು ಇದಕ್ಕಿಂತ ಗಟ್ಟಿಯಾದುದು. ನಮ್ಮ ಹಗುರವಾದ ಸ್ಕೂಟರು ಕಾರುಗಳಿಂದ ರಸ್ತೆ ಸವೆಯುವುದುಂಟೇ ಎಂದು ಅವರು ಕೇಳುತ್ತಾರೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ, ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ರಸ್ತೆಯ ಸವೆತವು ಸುಮಾರು ಹದಿನಾರು ಮಡಿಯಾಗುವುದೆಂಬ ಸ್ಥೂಲ ನಿಯಮವೊಂದು ತಿಳಿದುಬಂದಿತು. ಬ್ಯಾಟರಿಯ ದೆಸೆಯಿಂದ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲು ಕಾರಿಗಿಂತ ಒಂದೆರಡು ನೂರು ಕಿಲೋ ಭಾರವಾಗಿರುವುದುಂಟು. 1,200 ಕಿಲೋ 1,400 ಆದರೆ ಈ ನಿಯಮದಂತೆ ಸವೆತವು ಸುಮಾರು ಒಂದೂಮುಕ್ಕಾಲು ಪಾಲಿಗೆ ಮೀರಿ ಏರುವುದು. ಕೇಳಲು ಇದು ದೊಡ್ಡದಾಗಿ ತೋರುವುದಾದರೂ, ಹತ್ತು ಟನ್ನಿನ ಅಚ್ಚುಭಾರದ ಲಾರಿಯ ಇದಿರಿನಲ್ಲಿ ಪೆಟ್ರೋಲು ಕಾರಾಗಲಿ ವಿದ್ಯುತ್ ಕಾರಾಗಲಿ ಸಮುದ್ರದ ಮುಂದಿನ ಸಾಸಿವೆಯೇ ಸರಿ. ಒಂದು ಲಾರಿಯ ಒಂದು ಸಂಚಾರವು ಕಾರುಗಳ ಸಾವಿರಾರು ಸಂಚಾರಗಳಿಗೆ ಸಮ. ಸ್ಕೂಟರಿನ ಮಾತಂತೂ ಆಡುವಂತಿಲ್ಲ. ಆದುದರಿಂದ ಬ್ಯಾಟರಿಯ ಭಾರದಿಂದಲೇ ರಸ್ತೆಗಳು ಹಾಳಾಗುವವೆಂದು ಕೆಲವರು ಹುಯಿಲೆಬ್ಬಿಸುವುದು ಅತಿಶಯೋಕ್ತಿಯೆಂದು ನಾವು ತಿಳಿಯುತ್ತೇವೆ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಡಾಮರು ರಸ್ತೆಯ ಪರಮಶತ್ರುವು ಚಕ್ರವಲ್ಲ, ನೀರು. ಚರಂಡಿ ಕಟ್ಟಿ ನೀರು ರಸ್ತೆಯ ಮೇಲೆ ಹರಿದರೆ, ಯಾವ ವಾಹನವೂ ಓಡದಿದ್ದರೂ ಒಂದೇ ಆಟಿಯಲ್ಲಿ ಹೊಂಡಗಳು ಬೀಳುವವು. ಈ ಕಾರಣದಿಂದಲೇ 2008ರಿಂದೀಚೆಗೆ ನಮ್ಮ ನಗರದ ಮುಖ್ಯ ರಸ್ತೆಗಳಿಗೆ ಕಾಂಕ್ರೀಟು ಹಾಕುತ್ತ ಬಂದರು. ಅದು ಒಳ್ಳೆಯದೇ ಆಯಿತು. ಆದರೆ ಹಾಕಿದ ಕಾಂಕ್ರೀಟನ್ನು ಇಂದು ಕುಡಿಯುವ ನೀರಿನ ಕೊಳವೆಗೆಂದೂ, ನಾಳೆ ಒಳಚರಂಡಿಗೆಂದೂ, ನಾಡಿದು ಅಡಿಗೆಯ ಅನಿಲಕ್ಕೆಂದೂ ಅಗೆದು, ಮುಚ್ಚಿದಂತೆ ಮಾಡಿ ಹೋಗುವ ಪರಿಪಾಠಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಲಿಲ್ಲ. ಇಂಥ ವೆಚ್ಚವನ್ನೆಲ್ಲ ವಾಹನದವರ ತಲೆಗೆ ಕಟ್ಟುವುದು ಸರಿಯಲ್ಲ. ರಸ್ತೆಯ ಮಗ್ಗುಲಲ್ಲಿ ಮನೆ ಅಂಗಡಿಗಳನ್ನುಳ್ಳವರ ಆಸ್ತಿ ತೆರಿಗೆಯಿಂದಲೂ, ಅಗೆದವರ ಠೇವಣಿಯಿಂದಲೂ ಅದರ ಬಹುಪಾಲು ಹುಟ್ಟಬೇಕು. ವಾಹನದವರ ಪಾಲೆಂಬುದು ಉಳಿದ ಭಾಗದಲ್ಲಿ ಮಾತ್ರ. ಆ ಭಾಗವು ಸಣ್ಣದಲ್ಲ: ರಸ್ತೆ ಅಗಲಿಸುವುದು, ಸಂಕ, ಮೇಲ್ಸೇತುವೆ, ವೃತ್ತಗಳಲ್ಲಿ ದೀಪ, ಪೋಲೀಸು, ಇವೆಲ್ಲ ವಾಹನಗಳ ಸಂಖ್ಯೆಯಿಂದಲೇ ಬಂದ ಖರ್ಚುಗಳು. ಬಳ್ಳಾಲ್‌ಬಾಗಿನಲ್ಲಿ ಸಂಜೆ ಸಿಕ್ಕಿಹಾಕಿಕೊಂಡ ವಾಹನಗಳ ಸಾಲಿನಲ್ಲಿ ವಿದ್ಯುತ್ ಕಾರು ಪೆಟ್ರೋಲು ಕಾರಿಗಿಂತ ಒಂದಂಗುಲವೂ ಕಡಮೆ ಸ್ಥಳವನ್ನು ಆಕ್ರಮಿಸುವುದಿಲ್ಲವಷ್ಟೆ.

ಹೀಗೆ ಕೊಡಬೇಕೆಂಬುದು ಸಿದ್ಧವಾದರೆ, ಹೇಗೆ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ನಮ್ಮ ರಾಜ್ಯ ಸರಕಾರವು 2016ರಲ್ಲಿ ವಿದ್ಯುದ್ವಾಹನಗಳಿಗೆ ವಾಹನ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 2024ರಲ್ಲಿ 1957ರ ಕಾನೂನನ್ನು ತಿದ್ದಿ, 25 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳಿಗೆ ಶೇಕಡಾ 10ರಂತೆ ಜೀವಾವಧಿ ತೆರಿಗೆಯನ್ನು ವಿಧಿಸಿತು. ಉಳ್ಳವರಿಂದ ಮೊದಲು ಎಂಬ ನೀತಿಯಾದುದರಿಂದ ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಜೀವಾವಧಿ ತೆರಿಗೆಯು ಬೆಲೆಯನ್ನು ಅಳೆಯುತ್ತದೆ, ಬಳಕೆಯನ್ನಲ್ಲ. ಕಾರನ್ನು ಕೊಂಡು ವಾರಕ್ಕೊಮ್ಮೆ ಕದ್ರಿಗೋ ಕುದ್ರೋಳಿಗೋ ದೇವರ ದರ್ಶನಕ್ಕೆ ಹೋಗಿಬರುವ ವೃದ್ಧ ದಂಪತಿಗಳೂ, ವಾರಕ್ಕೆರಡು ಸಲ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಓಡುವ ವ್ಯಾಪಾರಿಯೂ ಸಮನಾಗಿ ತೆರುವರು. ಮೇಲಾಗಿ ಇದು ಒಂದೇ ಸಲ ಕೊಟ್ಟು ಮುಗಿಸುವ ಹಣ. ರಸ್ತೆಯಾದರೋ ಪ್ರತಿ ಮಳೆಗಾಲದ ಕೊನೆಯಲ್ಲಿ ಕೈಯೊಡ್ಡುವುದು.

ವಿದ್ಯುಚ್ಛಕ್ತಿಯ ಮೇಲೆಯೇ ಪೆಟ್ರೋಲಿನಂತೆ ಸುಂಕ ಹಾಕಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಮನೆಯ ಮೀಟರಿಗೆ ಅರೆಯುವ ಯಂತ್ರಕ್ಕೆ ಹೋದ ಕರೆಂಟು ಯಾವುದು, ಕಾರಿಗೆ ಹೋದ ಕರೆಂಟು ಯಾವುದು ಎಂಬ ವಿವೇಕವಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟಿನ ಮಿತಿಯೊಳಗೆ ಬಿಲ್ಲೇ ಇಲ್ಲದ ಮನೆಯವನು ತನ್ನ ಸ್ಕೂಟರಿಗೂ ಅದರಲ್ಲಿಯೇ ಕರೆಂಟು ತುಂಬಿದರೆ ಸುಂಕ ಹಾಕುವುದು ಯಾವುದರ ಮೇಲೆ? ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಮಾತ್ರ ಹಾಕಿದರೆ, ಸ್ವಂತ ಮನೆ, ಸ್ವಂತ ಪೋರ್ಟಿಕೋ ಉಳ್ಳ ಶ್ರೀಮಂತನು ತಪ್ಪಿಸಿಕೊಂಡು, ಬಾಡಿಗೆಯ ಕೋಣೆಯಲ್ಲಿರುವ ರಿಕ್ಷಾ ಚಾಲಕನು ಸಿಕ್ಕಿಬೀಳುವನು. ಇನ್ನು ಉಪಗ್ರಹದ ಮೂಲಕ ವಾಹನದ ಚಲನವಲನವನ್ನೆಲ್ಲ ಬರೆದುಕೊಂಡು ತೆರಿಗೆ ಎತ್ತುವ ಆಲೋಚನೆಯೊಂದುಂಟು. ರಾಷ್ಟ್ರೀಯ ಹೆದ್ದಾರಿಗಳ ಸುಂಕಕ್ಕೆ 2024ರ ಸೆಪ್ಟೆಂಬರಿನಲ್ಲಿ ಅಂಥ ನಿಯಮಗಳು ಪ್ರಕಟವಾದವು. ಊರಿನ ಬೀದಿಗಳಿಗೆ ಈ ಪದ್ಧತಿಯನ್ನು ತರುವುದನ್ನು ನಾವು ಸರ್ವಥಾ ವಿರೋಧಿಸುತ್ತೇವೆ. ಪ್ರಜೆಯು ಎಷ್ಟು ದೂರ ಹೋದನೆಂಬುದು ರಸ್ತೆಯ ಲೆಕ್ಕಕ್ಕೆ ಬೇಕು. ಎಲ್ಲಿಗೆ ಹೋದನು, ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಂತನು ಎಂಬುದು ಸರಕಾರಕ್ಕೆ ಬೇಕಾಗಿಲ್ಲ.

ಅನ್ಯದೇಶಗಳಲ್ಲಿ ಏನು ನಡೆದಿದೆಯೆಂಬುದನ್ನು ನೋಡಿದರೆ ದಾರಿ ತುಸು ಸ್ಪಷ್ಟವಾಗುವುದು. ನ್ಯೂಜಿಲೆಂಡು 2024ರ ಏಪ್ರಿಲ್ 1ರಿಂದ ವಿದ್ಯುತ್ ಕಾರುಗಳ ವಿನಾಯಿತಿಯನ್ನು ಮುಗಿಸಿ 1,000 ಕಿಲೋಮೀಟರಿಗೆ 76 ಡಾಲರಿನಂತೆ ರಸ್ತೆ ಬಳಕೆಯ ಶುಲ್ಕವನ್ನು ವಿಧಿಸಿತು. ಅಲ್ಲಿ ಡೀಸಲು ವಾಹನಗಳು ಎಷ್ಟೋ ವರ್ಷಗಳಿಂದ ಹೀಗೆಯೇ ದೂರವನ್ನು ಮುಂಗಡವಾಗಿ ಕೊಂಡು ಓಡುತ್ತಿದ್ದುದರಿಂದ ಹೊಸ ಇಲಾಖೆಯೇನೂ ಬೇಕಾಗಲಿಲ್ಲ. ಐಸ್‌ಲೆಂಡು ಅದೇ ವರ್ಷದ ಜನವರಿಯಿಂದ ಕಿಲೋಮೀಟರಿಗೆ 6 ಕ್ರೋನದಂತೆ ಪಡೆಯಲಾರಂಭಿಸಿತು. ಬ್ರಿಟನ್ನಿನ ಅರ್ಥಸಚಿವೆಯು 2028ರ ಏಪ್ರಿಲಿನಿಂದ ಮೈಲಿಗೆ 3 ಪೆನ್ಸಿನಂತೆ ಪಡೆಯುವೆವೆಂದು 2025ರ ನವಂಬರಿನಲ್ಲಿ ಸಾರಿದರು. ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನವು ಮಾತ್ರ 2021ರಲ್ಲಿ ವಿಧಿಸಿದ ಕಿಲೋಮೀಟರು ಶುಲ್ಕವನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2023ರಲ್ಲಿ ರದ್ದುಮಾಡಿತು. ಅಂಥ ಕರವನ್ನು ವಿಧಿಸುವ ಅಧಿಕಾರವು ಸಂಸ್ಥಾನಕ್ಕಿಲ್ಲ, ಒಕ್ಕೂಟಕ್ಕೆ ಮಾತ್ರ ಎಂದು ತೀರ್ಪಾಯಿತು. ನಮ್ಮ ರಾಜ್ಯಕ್ಕೆ ಅಂಥ ಅಡ್ಡಿಯಿಲ್ಲ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 57ನೆಯ ಬಾಬು, ರಸ್ತೆಯಲ್ಲಿ ಉಪಯೋಗಿಸಲು ತಕ್ಕುದಾದ ವಾಹನಗಳ ಮೇಲೆ, ಅವು ಯಂತ್ರದಿಂದ ಚಲಿಸಲಿ ಚಲಿಸದಿರಲಿ, ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಎತ್ತಿನ ಬಂಡಿಯನ್ನೂ ಒಳಗೊಂಡ ಈ ಮಾತಿನಲ್ಲಿ ಪೆಟ್ರೋಲಿನ ಸೋಂಕೇ ಇಲ್ಲ. 1974ರಲ್ಲಿ ಬೊಲಾನಿ ಓರ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತೆರಿಗೆಯು ರಸ್ತೆಯ ಬಳಕೆಗೆ ಪ್ರತಿಫಲರೂಪವಾದುದೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಪ್ರತಿಫಲವೆಂಬ ಶಬ್ದವನ್ನು ನಮ್ಮ ಅಧಿಕಾರಿವರ್ಗದವರು ಗಮನಿಸಬೇಕೆಂದು ಬೇಡಿಕೊಳ್ಳುತ್ತೇವೆ.

ನಮ್ಮ ಸೂಚನೆಯು ಇಷ್ಟೇ. ಖಾಸಗಿ ವಿದ್ಯುತ್ ಕಾರುಗಳ ಮೇಲೆ ಅವುಗಳ ಭಾರದ ದರ್ಜೆಯನ್ನೂ ವರ್ಷದಲ್ಲಿ ಓಡಿದ ದೂರವನ್ನೂ ಅನುಸರಿಸಿ ವಾರ್ಷಿಕ ಶುಲ್ಕವಿರಲಿ. ಪೆಟ್ರೋಲು ಕಾರಿನವನು ತೆತ್ತ 53 ಪೈಸೆಯನ್ನು ನಾವು ಮೇಲೆ ಎಣಿಸಿದೆವಷ್ಟೆ. ಗಾಳಿಯ ಪುಣ್ಯಕ್ಕೆಂದು ಅದರಲ್ಲಿ ಅರ್ಧಕ್ಕೂ ಮೀರಿ ಬಿಟ್ಟು, ಸಾಮಾನ್ಯ ಕಾರಿಗೆ ಕಿಲೋಮೀಟರಿಗೆ 25 ಪೈಸೆಯಂತೆ ಹಿಡಿದರೆ, 12,000 ಕಿಲೋಮೀಟರು ಓಡಿಸುವವನು ವರ್ಷಕ್ಕೆ 3,000 ರೂಪಾಯಿ, ಎಂದರೆ ತಿಂಗಳಿಗೆ 250 ರೂಪಾಯಿ ಕೊಟ್ಟಂತಾಗುವುದು. ಹೀಗೆ ಕೊಡುವವನಿಂದ ಜೀವಾವಧಿ ತೆರಿಗೆಯನ್ನೂ ಪೂರ್ತಿಯಾಗಿ ಕೀಳುವುದು ಅನ್ಯಾಯವಾಗುವುದರಿಂದ ಅದರಲ್ಲಿ ತಕ್ಕಷ್ಟು ವಜಾ ಕೊಡಬೇಕು. ದೂರವನ್ನು ಒಡೆಯನೇ ವರ್ಷಕ್ಕೊಮ್ಮೆ ಘೋಷಿಸಲಿ. ಮನೆಯ ತೆರಿಗೆಯನ್ನು ನಾವು ಸ್ವಯಂಘೋಷಣೆಯ ಪ್ರಕಾರವೇ ಕಟ್ಟುತ್ತಿರುವೆವಲ್ಲವೆ? ಸುಳ್ಳು ಹೇಳಿದವನು ವಾಹನವನ್ನು ಮಾರುವಾಗಲೋ, ವಿಮೆಯನ್ನು ನವೀಕರಿಸುವಾಗಲೋ ಸಿಕ್ಕುವನು. ಸಿಕ್ಕಿದವನಿಗೆ ದಂಡವು ಇಮ್ಮಡಿಯಾಗಿರಲಿ.

ಸ್ಕೂಟರುಗಳಿಗೆ ಕಿಲೋಮೀಟರಿನ ಲೆಕ್ಕವೇ ಬೇಡ. ಆ ಲೆಕ್ಕವನ್ನು ಇಡುವ ಸಂಬಳವು ಬರುವ ಹಣವನ್ನು ನುಂಗಿಬಿಡುವುದು. ವರ್ಷಕ್ಕೆ 300 ರೂಪಾಯಿಗೆ ಮೀರದ ಗೊತ್ತಾದ ಮೊತ್ತವು ಸಾಕು, ಅದನ್ನೂ ಕೆಲವು ವರ್ಷ ತಡೆದು ಆರಂಭಿಸಿದರೆ ನಮ್ಮ ಅಡ್ಡಿಯಿಲ್ಲ. ರಿಕ್ಷಾಗಳ ವಿಷಯವು ನಾಜೂಕಾದುದು. 2018ರ ಕೇಂದ್ರ ಅಧಿಸೂಚನೆಯಿಂದ ಬ್ಯಾಟರಿಯ ರಿಕ್ಷಾಗಳಿಗೆ ಪರವಾನಿಗೆಯ ಕಟ್ಟು ತಪ್ಪಿತು. ಅದರಿಂದ ನಮ್ಮ ನಗರದಲ್ಲಿ ಹಳೆಯ ರಿಕ್ಷಾದವರಿಗೂ ಹೊಸ ರಿಕ್ಷಾದವರಿಗೂ ನಿಲ್ದಾಣಗಳಲ್ಲಿ ಎದ್ದ ಮನಸ್ತಾಪವು ವಾಚಕರಿಗೆ ಗೊತ್ತಿದ್ದುದೇ. ಬಾಡಿಗೆಗಾಗಿ ದಿನವೆಲ್ಲ ಓಡುವವನಿಗೆ ಕಿಲೋಮೀಟರಿನ ಶುಲ್ಕವು ಹೊಟ್ಟೆಯ ಮೇಲೆ ಬೀಳುವ ಪೆಟ್ಟು. ಸಾಲದ ಕಂತು ತೀರುವವರೆಗೆ ಇವರನ್ನು ಬಿಟ್ಟು, ಅನಂತರ ಪೆಟ್ರೋಲು, ಅನಿಲ, ವಿದ್ಯುತ್ತು ಎಂಬ ಭೇದವಿಲ್ಲದೆ ಎಲ್ಲ ರಿಕ್ಷಾಗಳಿಗೂ ಒಂದೇ ಅಲ್ಪಶುಲ್ಕವನ್ನು ಗೊತ್ತುಮಾಡುವುದು ಮೇಲು. ಮುಂದೆ ವಿದ್ಯುತ್ ಲಾರಿ ಬಸ್ಸುಗಳು ಹೆಚ್ಚಿದಾಗ ಅಚ್ಚುಭಾರದ ನ್ಯಾಯವನ್ನು ಬಿಗಿಯಾಗಿ ಅನ್ವಯಿಸಬೇಕಾದುದು ಅಲ್ಲಿ.

ಈ ಹಣವೆಲ್ಲ ಹೋಗಿ ಸೇರುವುದೆಲ್ಲಿ? ನಮ್ಮ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ಪೆಟ್ರೋಲಿನವನು ಕೊಟ್ಟ 6,400 ರೂಪಾಯಿಯಿಂದ ಮಣ್ಣಗುಡ್ಡದ ಹೊಂಡವೊಂದು ಮುಚ್ಚಿತೆಂದು ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ಉಪಕರಗಳು ಸಂವಿಧಾನದ 270ನೆಯ ವಿಧಿಯಂತೆ ರಾಜ್ಯಗಳೊಡನೆ ಹಂಚಿಕೊಳ್ಳುವ ಹಣದ ರಾಶಿಗೆ ಸೇರುವುದಿಲ್ಲ. 2000ದ ಕಾನೂನಿನಂತೆ ರಸ್ತೆಗೆಂದೇ ಇದ್ದ ನಿಧಿಯ ಹೆಸರನ್ನು 2018ರಲ್ಲಿ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯೆಂದು ಬದಲಿಸಿ, ಇತರ ಹಲವು ಕಾಮಗಾರಿಗಳಿಗೂ ಅದರ ಬಾಗಿಲನ್ನು ತೆರೆದರು. ರಾಜ್ಯದ ವಾಹನ ತೆರಿಗೆಯು ಬೊಕ್ಕಸದ ಸಮುದ್ರವನ್ನು ಸೇರುವುದು. ನಮ್ಮ ಬೀದಿಗಳಿಗೆ ಆಧಾರವೆಂದರೆ ಪಾಲಿಕೆಯ ಆಸ್ತಿ ತೆರಿಗೆ ಮತ್ತು ಮೇಲಿನವರು ಮನಸ್ಸು ಬಂದಾಗ ಕೊಡುವ ಅನುದಾನ. 1929ರಲ್ಲಿ ಬೇರೆಯಾಗಿಡಬೇಕೆಂದು ಪಣತೊಟ್ಟ ಹಣವು ಶತಮಾನ ತುಂಬುವುದರೊಳಗೆ ಹೀಗೆ ಎಲ್ಲದರಲ್ಲಿ ಬೆರೆತುಹೋಯಿತು.

ಜನರು ಕೊಡಲಾರದವರೆಂಬ ಅಪವಾದವನ್ನು ನಾವು ಒಪ್ಪುವುದಿಲ್ಲ. ಸುರತ್ಕಲ್ಲಿನ ಸುಂಕದ ಕಟ್ಟೆಯ ಇತಿಹಾಸವನ್ನು ನೆನೆಯಿರಿ. ಎರಡು ಸುಂಕದ ಕಟ್ಟೆಗಳ ನಡುವೆ 60 ಕಿಲೋಮೀಟರಿನ ಅಂತರವಿರಬೇಕೆಂಬ ನಿಯಮವಿದ್ದರೂ, ಹೆಜಮಾಡಿಯ ಕಟ್ಟೆಯಿಂದ ಅನತಿದೂರದಲ್ಲಿಯೇ ಅದು ವರ್ಷಗಟ್ಟಲೆ ನಡೆಯಿತು. ಹೊಂಡಗಳ ನಡುವೆ ವಾಹನವನ್ನು ತೂಗಾಡಿಸಿಕೊಂಡು ಬಂದವನು ಅಲ್ಲಿ ನಿಂತು ಹಣ ಎಣಿಸಿಕೊಡಬೇಕಾಗಿತ್ತು. ಸಾರ್ವಜನಿಕರು ಪಕ್ಷಭೇದವನ್ನು ಬದಿಗಿಟ್ಟು ಧರಣಿ ಕುಳಿತರು, ಬಂಧನಕ್ಕೂ ಒಳಗಾದರು. ಕೊನೆಗೆ 2022ರ ಡಿಸೆಂಬರ್ 1ರಂದು ಅಲ್ಲಿಯ ವಸೂಲಿಯು ನಿಂತಿತು. ಆ ಜನರು ಅದೇ ಹೆದ್ದಾರಿಯ ಹೆಜಮಾಡಿಯಲ್ಲಿ ಮೊದಲಿನಿಂದಲೂ ಸುಂಕ ಕೊಡುತ್ತಲೇ ಬಂದವರು. ಅವರ ಸಿಟ್ಟು ಕೊಡುವುದರ ಮೇಲಲ್ಲ, ಕೊಟ್ಟುದಕ್ಕೆ ಪ್ರತಿಯಾಗಿ ಏನೂ ಕಾಣದಿದ್ದುದರ ಮೇಲೆ.

ಆದುದರಿಂದ ವಿದ್ಯುದ್ವಾಹನಗಳ ಶುಲ್ಕವನ್ನು ಗೊತ್ತುಮಾಡುವ ಕಾನೂನಿನಲ್ಲಿಯೇ, ಅನಂತರದ ನಿಯಮಾವಳಿಯಲ್ಲಲ್ಲ, ಎರಡು ಮಾತುಗಳು ಬರೆದಿರಬೇಕು. ವಾಹನದ ಒಡೆಯನು ಯಾವ ಸ್ಥಳೀಯ ಸಂಸ್ಥೆಯ ಎಲ್ಲೆಯಲ್ಲಿ ವಾಸಿಸುವನೋ ಆ ಸಂಸ್ಥೆಗೆ ಅವನ ಶುಲ್ಕದಲ್ಲಿ ಅರ್ಧಕ್ಕೆ ಕಡಮೆಯಿಲ್ಲದ ಪಾಲು ನೇರವಾಗಿ ಬರತಕ್ಕದ್ದು. ಬಂಟ್ವಾಳದವನ ಹಣ ಬಂಟ್ವಾಳದ ಪುರಸಭೆಗೂ, ಮಣ್ಣಗುಡ್ಡದವನ ಹಣ ಲಾಲ್‌ಬಾಗಿಗೂ ಸೇರಲಿ. 1931ರಲ್ಲಿ ಸಾಧ್ಯವಾದುದು ಈಗ ಸಾಧ್ಯವಾಗದೆಂದು ಹೇಳುವುದು ನಾಚಿಕೆಯ ಮಾತು. ಎರಡನೆಯದಾಗಿ, ಆ ಹಣವನ್ನು ರಸ್ತೆಯ ದುರಸ್ತಿ, ಚರಂಡಿ ಮತ್ತು ಕಾಲುದಾರಿಗಳ ಹೊರತು ಬೇರಾವುದಕ್ಕೂ, ಸಂಬಳಕ್ಕಾಗಲಿ ಸಮಾರಂಭಕ್ಕಾಗಲಿ, ಮುಟ್ಟಕೂಡದು. ಕಾಲುದಾರಿಯನ್ನು ಸೇರಿಸಿದುದಕ್ಕೆ ಕಾರಣವುಂಟು: ಸದ್ದಿಲ್ಲದೆ ಬರುವ ಈ ಹೊಸ ವಾಹನಗಳಿಂದ ಬೀದಿಯ ಅಂಚಿನಲ್ಲಿ ನಡೆಯುವ ಮುದುಕರೂ ಮಕ್ಕಳೂ ಬೆಚ್ಚಿಬೀಳುವುದನ್ನು ಗುರ್ಜಿಯ ಬಳಿ ದಿನವೂ ಕಾಣಬಹುದು.

ಪಾಲಿಕೆಯವರೂ ತಮ್ಮ ಕಡೆಯಿಂದ ಈಗಲೇ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ. ಪ್ರತಿ ವಾರ್ಡಿನ ರಸ್ತೆಗಳಿಗೆ ಕಳೆದ ವರ್ಷ ಎಷ್ಟು ಹಣ ಬಂದಿತು, ಯಾವ ಬೀದಿಗೆ ಎಷ್ಟು ಸುರಿಯಿತು, ಯಾರು ಅಗೆದರು, ಅಗೆದವರ ಠೇವಣಿ ಎಷ್ಟು, ಮುಚ್ಚಿದ್ದು ಯಾವ ತಾರೀಕಿಗೆ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿಸಿ, ಮೇ ತಿಂಗಳು ಮುಗಿಯುವುದರೊಳಗಾಗಿ ವಾರ್ಡಿನ ಜನರ ಕಣ್ಣಿಗೆ ಬೀಳುವಲ್ಲಿ ಹಚ್ಚಲಿ. ಮಣ್ಣಗುಡ್ಡದಿಂದಲೇ ಆರಂಭವಾಗಲಿ. ಆ ಕಾಗದವನ್ನು ನಮ್ಮ ಕಚೇರಿಗೆ ಕಳುಹಿಸಿದಲ್ಲಿ ಯಾವ ಶುಲ್ಕವನ್ನೂ ಪಡೆಯದೆ ಈ ಪುಟದಲ್ಲಿಯೇ ಯಥಾವತ್ತಾಗಿ ಪ್ರಕಟಿಸುವೆವು.